ಕರಿಯನ ಪಾಲು

ವಿದ್ಯಾರ್ಥಿಗಳಿಗೆ ಮೈ ಎಂಬುದೊಂದಿದೆ ಎಂದು ವಿಶ್ವವಿದ್ಯಾಲಯಕ್ಕೆ ಗೊತ್ತಾದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಅಲ್ಲಿಯವರೆಗೆ ಬರೀ ತಲೆ ಇದೆ ಎಂದುಕೊಂಡಿದ್ದರು. ಗೊತ್ತಾದ ಕೂಡಲೇ ಸುತ್ತೋಲೆ ಬಂತು. ಇನ್ನು ಮುಂದೆ ಆರೋಗ್ಯ ಎಂಬ ವಿಷಯದಲ್ಲಿ ಪಾಸಾಗದವನಿಗೆ ಡಿಗ್ರಿ ಇಲ್ಲ. ಯಾವುದನ್ನು ಆರೋಗ್ಯ ಎಂದು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಯಾ ಕಾಲೇಜಿನವರೇ ಕೂತು ತೀರ್ಮಾನಿಸಬೇಕು.

ಕೂರುವುದರಲ್ಲಿ ತೀರ್ಥಹಳ್ಳಿಯ ಹೊಳೆಯಾಚೆಯ ಆ ಕಾಲೇಜನ್ನು ಮೀರಿಸುವವರಿರಲಿಲ್ಲ. ಜನ ಅದನ್ನು ಸೀತಾರಾಮಪ್ಪನವರ ಕಾಲೇಜು ಎಂದೇ ಕರೆಯುತ್ತಿದ್ದರು. ಮೇಳಿಗೆ ಕಡೆಯ ದೊಡ್ಡ ಜಮೀನಿನ ಸೀತಾರಾಮಪ್ಪನವರು ಜಾಗ ಕೊಟ್ಟವರು, ಆಡಳಿತ ಮಂಡಳಿಯ ಅಧ್ಯಕ್ಷರು. ಪ್ರಿನ್ಸಿಪಾಲ್ ಮಹಾಗಣಪತಿಯವರು ಅವರ ಮುಖ ನೋಡಿ ಗಂಟೆ ಹೊಡೆಸುವವರು.

ಸಭೆಯಲ್ಲಿ ನಡೆದದ್ದನ್ನು ಪಿ.ಟಿ. ಮಾಸ್ತರು ವೆಂಕಟ್ರಮಣ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಪ್ರಿನ್ಸಿಪಾಲರ ಅಣ್ಣನ ಮಗ ಮಠದ ಚಾವಡಿಯಲ್ಲಿ ಯೋಗಾಸನಕ್ಕೆ ಹೋಗುತ್ತಿದ್ದ. ಯೋಗಾಸನ ಆರೋಗ್ಯವಾಯಿತು. ಮಂಡಿ ಸಾಹುಕಾರರ ಮಗ ಕ್ಲಬ್ಬಿನಲ್ಲಿ ಶಟಲ್ ಆಡುತ್ತಿದ್ದ. ಶಟಲ್ ಆರೋಗ್ಯವಾಯಿತು. ಡಾಕ್ಟರ ಮಗಳದು ಭರತನಾಟ್ಯ. ಅದೂ ಆಯಿತು. ಉಳಿದವನು ಸೀತಾರಾಮಪ್ಪನವರ ಮಗ ನಾಗಭೂಷಣ. ಅವನ ಮೈಗೆ ಗೊತ್ತಿದ್ದ ಒಂದೇ ಕಸರತ್ತು ಅಪ್ಪನ ಜೊತೆ ಹಂದಿ ಶಿಕಾರಿಗೆ ಹೋಗುವುದು. ಶಿಕಾರಿಗೆ ಸರ್ಕಾರದ ನಿಷೇಧ ಬಂದು ವರ್ಷಗಳಾಗಿದ್ದವು. ಸಭೆ ಸುತ್ತೋಲೆಯನ್ನು ಇನ್ನೊಮ್ಮೆ ಓದಿತು. ಆಮೇಲೆ ಪ್ರಿನ್ಸಿಪಾಲರ ಬಾಯಿಂದ 'ವನಸಂಚಾರ' ಎಂಬ ಮಾತು ಉದುರಿತು. ಸೀತಾರಾಮಪ್ಪನವರು ಎಲ್ಲರಿಗೂ ಕಾಫಿ ತರಿಸಿದರು.

ಹೀಗೆ ಉಳ್ಳವರ ಮಕ್ಕಳು ಏನೇನು ಮಾಡುತ್ತಿದ್ದರೋ ಅದೆಲ್ಲ ಆರೋಗ್ಯವಾಯಿತು. ಇಲ್ಲದವರ ಮಕ್ಕಳು ಅದರಲ್ಲೊಂದನ್ನು ಆರಿಸಿಕೊಳ್ಳಬೇಕಾಯಿತು.

ಬೆಳ್ಳಪ್ಪ ಇಲ್ಲದವರ ಪೈಕಿ. ಸೀತಾರಾಮಪ್ಪನವರ ಗದ್ದೆಯ ಕೆಳಗಿನ ಕೇರಿಯವನು. ಅವನಪ್ಪ ಜಟ್ಟಿಂಗಪ್ಪ ಆ ಮನೆಯ ಆಳು. ಅಜ್ಜನೂ ಆಳು. ಆ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಬೆಳ್ಳಪ್ಪ ಒಬ್ಬನೇ, ಈಗ ಕೊನೇ ವರ್ಷದ ಬಿ.ಎ. ಡಿಗ್ರಿ ಕೈಗೆ ಬಂದರೆ ಹೊಸನಗರದಲ್ಲಿ ಗುಮಾಸ್ತೆ ಕೆಲಸ ಕಾಯುತ್ತಿತ್ತು. ಬರದಿದ್ದರೆ ಸೀತಾರಾಮಪ್ಪನವರ ಕೊಟ್ಟಿಗೆ ಕಾಯುತ್ತಿತ್ತು. "ಓದು ಮುಗಿಸ್ಕಂಡು ಬಾರೋ, ನಮ್ಮ ಎಮ್ಮೆಗಳಿಗೂ ಒಬ್ಬ ಬಿ.ಎ. ಬೇಕು" ಎಂದು ಅವರು ಒಮ್ಮೆ ಹೇಳಿದ್ದರು. ಅಲ್ಲಿದ್ದವರೆಲ್ಲ ನಕ್ಕಿದ್ದರು. ಎಮ್ಮೆಗಳು ಮಾತ್ರ ನಕ್ಕಿರಲಿಲ್ಲ.

ಬೆಳ್ಳಪ್ಪ ಮೊದಲು ಹಿಡಿದದ್ದು ಯೋಗಾಸನ. ಅದಕ್ಕೆ ಬ್ಯಾಟು ಬೇಡ, ಬೂಟು ಬೇಡ, ಮೈ ಒಂದಿದ್ದರೆ ಸಾಕು ಎಂದುಕೊಂಡ. ಬೆಳಗಿನ ಕತ್ತಲಲ್ಲೇ ಎದ್ದು ಮಠಕ್ಕೆ ನಡೆದ. ಹಿಂದೆಯೇ ಅವರ ಮನೆಯ ನಾಯಿ ಕರಿಯ ಬಂತು. ಚಾವಡಿಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಯೋಗದ ಗುರುಗಳು ಕೈ ಅಡ್ಡ ಹಿಡಿದರು.

"ನೀನು ಅಲ್ಲೇ ಅಂಗಳದಲ್ಲಿ ಮಾಡು. ಯೋಗಕ್ಕೆ ಒಳಗೆ ಹೊರಗೆ ಅಂತ ಇಲ್ಲ."

ಹೊರಗೆ ಅಂತ ಇಲ್ಲದಿದ್ದರೂ ಇಬ್ಬನಿ ಇತ್ತು. ಬೆಳ್ಳಪ್ಪ ಒದ್ದೆ ನೆಲದ ಮೇಲೆ ಬಾಗಿದ, ಎದ್ದ, ಕಾಲು ಮಡಿಸಿದ. ಕರಿಯ ಮೆಟ್ಟಿಲು ಹತ್ತಿ ಚಾವಡಿಗೆ ಹೋಗಿ, ಪ್ರಿನ್ಸಿಪಾಲರ ಅಣ್ಣನ ಮಗನ ಪಕ್ಕದ ಚಾಪೆಯ ಮೇಲೆ ಸುರುಳಿ ಸುತ್ತಿ ಮಲಗಿತು. ಅದಕ್ಕೆ ಹಚಾ ಅಂದವರಿಲ್ಲ. ಕೊನೆಗೆ ಶವಾಸನ ಬಂತು. ಬೆಳ್ಳಪ್ಪ ಕಣ್ಣು ಮುಚ್ಚಿ ಅಂಗಳದಲ್ಲಿ ಮಲಗಿದ. ಮಠದ ಕೆಲಸದ ಹೆಂಗಸು ಅರೆಗತ್ತಲಲ್ಲಿ ಸಗಣಿ ನೀರು ಚಳೆ ಹಾಕುತ್ತ ಬಂದವಳು ಅವನ ಮುಖದ ಮೇಲೂ ಒಂದು ಬೊಗಸೆ ಹಾಕಿದಳು. ಅವನು ಎದ್ದು ಕೂತ. ಅವಳು ಬಕೀಟು ಬಿಟ್ಟು ಓಡಿದಳು.

"ಶವಾಸನ ನಿಂಗೆ ಚೆನ್ನಾಗಿ ಬರುತ್ತೆ" ಎಂದರು ಗುರುಗಳು. "ನಾಳೆಯಿಂದ ಬರಬೇಡ. ಹೆಂಗಸರು ಹೆದರ್ತಾರೆ."

ಹೊಳೆಯಲ್ಲಿ ಮುಖ ತೊಳೆದುಕೊಂಡು ಅವನು ಕ್ಲಬ್ಬಿಗೆ ಹೋದ. ಅಲ್ಲಿ ಅವನನ್ನು ಬೇಲಿಯಾಚೆ ನಿಲ್ಲಿಸಿದರು. ಶಟಲ್ ಕಾಕು ಬೇಲಿ ದಾಟಿ ಚರಂಡಿಗೆ ಬಿದ್ದಾಗ ಹೆಕ್ಕಿ ಎಸೆಯಬೇಕು. ಕೆಲವು ದಿನ ಹೆಕ್ಕಿದ. ಬ್ಯಾಟು ಯಾವಾಗ ಎಂದು ಕೇಳಿದ. "ಬಗ್ಗೋದೂ ವ್ಯಾಯಾಮವೇ ಕಣೋ" ಎಂದ ಸಾಹುಕಾರರ ಮಗ. ಪಾಸಿನ ಮಾತು ತೆಗೆದಾಗ ಅದು ವ್ಯಾಯಾಮವಾಗಿ ಉಳಿಯಲಿಲ್ಲ.

ಇನ್ನುಳಿದದ್ದು ವನಸಂಚಾರ. ನೋಟೀಸ್ ಬೋರ್ಡಿನ ಮುಂದೆ ನಿಂತು ಆ ಹೆಸರು ಓದಿ ಬೆಳ್ಳಪ್ಪನಿಗೆ ನಗು ಬಂತು. ಚಡ್ಡಿ ಹಾಕುವ ಮೊದಲೇ ಅವನು ಮಾಡುತ್ತ ಬಂದದ್ದು ಅದು.

ಶಿಕಾರಿಯಲ್ಲಿ ಎರಡು ಜಾತಿಯ ಜನ. ಕೋವಿಯವರು ಬಿಲ್ಲಿಗೆ ನಿಲ್ಲುತ್ತಾರೆ. ಬಿಲ್ಲು ಎಂದರೆ ಹಂದಿ ಓಡಿಬರುವ ದಾರಿಯಲ್ಲಿ ಕಾದು ಕೂರುವ ಜಾಗ. ನೆರಳು ನೋಡಿ ಆರಿಸಿರುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ. ಇನ್ನೊಂದು ಜಾತಿ ಹಳು ನುಗ್ಗುವವರು. ಹಳು ಎಂದರೆ ಮುಳ್ಳುಪೊದೆ ಹೆಣೆದುಕೊಂಡ ಕಾಡು. ಅದರೊಳಗೆ ಬೆನ್ನು ಬಗ್ಗಿಸಿ ನುಗ್ಗಬೇಕು. ದೊಣ್ಣೆಯಲ್ಲಿ ಬಡಿಯಬೇಕು. ಗಂಟಲು ಹರಿಯುವ ಹಾಗೆ ಕೂಗಿ ಹಂದಿ ಎಬ್ಬಿಸಿ ಬಿಲ್ಲಿನ ಕಡೆ ಅಟ್ಟಬೇಕು. ಲಂಟಾನದ ಮುಳ್ಳು ಕಿವಿ ಸೀಳುತ್ತದೆ. ನೆತ್ತರು ಹೀರುವ ಉಂಬಳ ತೊಡೆಸಂದಿಗೆ ಏರುತ್ತದೆ. ಹಂದಿ ಒಮ್ಮೊಮ್ಮೆ ಬಿಲ್ಲಿನ ಕಡೆ ಹೋಗದೆ ಕೂಗಿದವನ ಕಡೆಗೇ ತಿರುಗುತ್ತದೆ. ಜಟ್ಟಿಂಗಪ್ಪನ ಬಲದ ತೊಡೆಯನ್ನು ಹಾಗೆ ತಿರುಗಿದ ಹಂದಿ ಸೀಳಿತ್ತು. ಸೀತಾರಾಮಪ್ಪನವರೇ ಅರಿಸಿನ ಕಳಿಸಿದ್ದರು. ಅಂದಿನಿಂದ ಅವನು ಕುಂಟುತ್ತ ಹಳು ನುಗ್ಗುತ್ತಿದ್ದ.

ಬೆಳ್ಳಪ್ಪ ಪ್ರಿನ್ಸಿಪಾಲರ ರೂಮಿಗೆ ಹೋದ. ಅಲ್ಲಿ ಇನ್ನಿಬ್ಬರು ಲೆಕ್ಚರರುಗಳೂ ಕೂತಿದ್ದರು.

"ವನಸಂಚಾರಕ್ಕೆ ನನ್ನ ಹೆಸರು ಬರ್ಕೊಳಿ ಸಾರ್."

"ಕೋವಿ ಇದೆಯೇನೋ?"

"ಇಲ್ಲ ಸಾರ್. ಹಳು ನುಗ್ತೀನಿ."

"ಅದು ಕೂಲಿ ಕೆಲಸ ಕಣೋ. ವ್ಯಾಯಾಮ ಅಂದ್ರೆ ಫಲದ ಆಸೆ ಇಲ್ದೆ ಮಾಡೋದು."

"ಕೂಲಿ ಕೊಡಲ್ಲ ಸಾರ್. ಹಂದಿ ಪಾಲು ಕೊಡ್ತಾರೆ."

"ನೋಡು, ಅದೇ ಫಲ."

"ನಾಗಭೂಷಣಂಗೂ ಕೊಡ್ತಾರಲ್ಲ ಸಾರ್. ನಮಗಿಂತ ಜಾಸ್ತಿ."

"ಅದು ಫಲ ಅಲ್ಲ. ಮರ್ಯಾದೆ."

"ಅವ್ರು ಕೂತಿರ್ತಾರೆ ಸಾರ್. ಬೆವರು ಸುರಿಸೋರು ನಾವು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಯಿನೂ ಹಳು ನುಗ್ಗುತ್ತೆ ಬೆಳ್ಳಪ್ಪ. ಹಾಗಂತ ನಾಯಿಗೆ ಡಿಗ್ರಿ ಕೊಡಕ್ಕಾಗುತ್ತಾ?"

ಲೆಕ್ಚರರುಗಳು ನಕ್ಕರು. ಬೆಳ್ಳಪ್ಪ ಹೊರಗೆ ಬಂದ. ಅವನ ಕಿವಿ ಸುಡುತ್ತಿತ್ತು. ಸಗಣಿ ನೀರು ಬಿದ್ದಾಗ ಇಷ್ಟು ಸಿಟ್ಟು ಬಂದಿರಲಿಲ್ಲ. ಅದು ತೊಳೆದರೆ ಹೋಗುತ್ತದೆ.

ಮನೆಯಲ್ಲಿ ಹೇಳಿದ. ಅವ್ವ ಮಾಸ್ತಮ್ಮ ಒಲೆ ಊದುತ್ತಿದ್ದವಳು ಊದುಗೊಳವೆ ಕೆಳಗಿಟ್ಟಳು.

"ಗಂಜಿ ಕುಡ್ದು ಗುಡ್ಡ ಹತ್ತೋರಿಗೆ ಆರೋಗ್ಯ ಇಲ್ಲ, ಕೂತಲ್ಲೇ ಚಕ್ಲಿ ತಿನ್ನೋರಿಗೆ ಆರೋಗ್ಯ ಐತೆ ಅಂತ. ಇದನ್ನ ಹೇಳಾಕೆ ಎಷ್ಟು ಓದಿರ್ಬೇಕು ಅವ್ರು?"

ಜಟ್ಟಿಂಗಪ್ಪ ಅಡಿಕೆ ಕತ್ತರಿಸುತ್ತ ಕೂತ. ಒಡೆಯರ ವಿಷಯ ಬಂದರೆ ಅವನ ಬಾಯಿಗೆ ಬೀಗ. ಅಪ್ಪನ ಆ ಬೀಗ ಕಂಡರೆ ಬೆಳ್ಳಪ್ಪನಿಗೆ ಪ್ರಿನ್ಸಿಪಾಲರ ಮೇಲಿನದಕ್ಕಿಂತ ಹೆಚ್ಚು ಸಿಟ್ಟು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ತನಿಖಾಧಿಕಾರಿ ಬರುವ ಸುದ್ದಿ ಬಂತು. ಕಾಲೇಜಿನವರು ಯಾವುದನ್ನು ಆರೋಗ್ಯ ಎಂದು ಹಿಡಿದಿದ್ದಾರೋ ಅದನ್ನು ಕಣ್ಣಾರೆ ನೋಡಿ ಒಪ್ಪಿಗೆ ಕೊಡುವವರು ಅವರು. ಭಾರಿ ಆಳು, ಕಾಡುಹಂದಿ ಸಾರು ಎಂದರೆ ಪ್ರಾಣ ಎಂದು ವೆಂಕಟ್ರಮಣ ಮಾಸ್ತರು ಪತ್ತೆ ಮಾಡಿದ್ದರು. ಅಧಿಕಾರಿಗೆ ವನಸಂಚಾರವನ್ನೇ ತೋರಿಸುವುದು, ಅದನ್ನೇ ಉಣ್ಣಿಸುವುದು ಎಂದು ಸೀತಾರಾಮಪ್ಪನವರು ತೀರ್ಮಾನಿಸಿದರು. ಕೇರಿಗೆ ಹೇಳಿಕೆ ಹೋಯಿತು. ಹಳುವಿಗೆ ಎಲ್ಲರೂ ಬರಬೇಕು.

ಆ ದಿನ ಗುಡ್ಡದ ಬುಡದಲ್ಲಿ ಎಲ್ಲ ಸೇರಿದರು. ಅಧಿಕಾರಿಗೆ ನೇರಳೆ ಮರದ ಕೆಳಗೆ ಮಡಿಸುವ ಕುರ್ಚಿ ಹಾಕಿದ್ದರು. ನಾಗಭೂಷಣ ಹೊಸ ಕ್ಯಾನ್ವಾಸ್ ಬೂಟಿನಲ್ಲಿ ಆಕಳಿಸುತ್ತಿದ್ದ. ಕೇರಿಯ ಗಂಡಸರು ಬರಿಗಾಲಲ್ಲಿ ದೊಣ್ಣೆ ಹಿಡಿದು ನಿಂತಿದ್ದರು. ಬೆಳ್ಳಪ್ಪನೂ ನಿಂತಿದ್ದ.

ಶುರುವಿಗೆ ಮುಂಚೆ ಒಂದು ಕಟ್ಟಳೆ ಇದೆ. ಹಳುವಿನ ಯಜಮಾನ ಬೇಟೆಯ ಕಲ್ಲಿನ ಮುಂದೆ ಕಾಯಿ ಒಡೆದು ಪಾಲು ಸಾರಬೇಕು. ಮೊದಲನೇ ಪಾಲು ಹಂದಿ ಎಬ್ಬಿಸಿದ ನಾಯಿಗೆ. ಎರಡನೇದು ಬೆವರಿದವನಿಗೆ. ಕೊನೇದು ಕೋವಿಗೆ. ಯಾರ ಪಾಲನ್ನೂ ತಪ್ಪಿಸುವುದಿಲ್ಲ ಎಂದು ಕೋವಿಯವರು ಹೂಂ ಅನ್ನಬೇಕು. ಅನ್ನದಿದ್ದರೆ ಕೋವಿ ಕಟ್ಟುತ್ತದೆ, ಎಷ್ಟು ಎಳೆದರೂ ಹಾರುವುದಿಲ್ಲ. ತಪ್ಪಿಸಿದ ಪಾಲನ್ನು ಅವರವರ ಬಾಗಿಲಿಗೆ ಕೊಂಡುಹೋಗಿ ಕೊಟ್ಟ ಮೇಲೆಯೇ ಆ ಕಟ್ಟು ಬಿಡುವುದು. ಸೀತಾರಾಮಪ್ಪನವರು ಇದನ್ನು ದೇವರಿಗಿಂತ ತುಸು ಹೆಚ್ಚೇ ನಂಬುತ್ತಿದ್ದರು. ದೇವರು ಗದ್ದೆಯ ಹಂದಿ ಓಡಿಸಿಕೊಡುವುದಿಲ್ಲವಲ್ಲ.

ಆ ಹಳುವಿನ ಯಜಮಾನ ಜಟ್ಟಿಂಗಪ್ಪ. ಅವನು ಕಾಯಿ ಎತ್ತಿದ.

"ಅಪ್ಪಾ, ತಡಿ" ಎಂದ ಬೆಳ್ಳಪ್ಪ. "ಇವತ್ತಿನ ಬೇಟೆ ಹಂದಿ ಒಂದೇ ಅಲ್ಲ. ಆರೋಗ್ಯದ ಪಾಸೂ ಐತೆ. ಈ ಗುಡ್ಡದಲ್ಲಿ ಏನು ಸಿಕ್ಕಿದ್ರೂ ಅದು ಬೇಟೆನೇ. ಹಂದಿಗೆ ಪಾಲು ಸಾರೋ ಹಂಗೆ ಪಾಸಿಗೂ ಸಾರು. ಒಡೇರು ಹೂಂ ಅನ್ಲಿ."

ಸೀತಾರಾಮಪ್ಪನವರು ಅಧಿಕಾರಿಯ ಕಡೆ ನೋಡಿ ನಗಲು ನೋಡಿದರು. ಆಗಲಿಲ್ಲ. "ಹೂಂ ಅನ್ನಲ್ಲ. ನಿನ್ನ ಪಾಲಿಗೆ ನನ್ನ ಕೆರ ಐತೆ. ಒಡಿಯೋ ಜಟ್ಟಿಂಗ ಕಾಯಿ."

ಜಟ್ಟಿಂಗಪ್ಪ ಒಡೆಯಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಮಗನಿಗೆ ಕೆರ ತೋರಿಸಿದ್ದು ಅವನಿಗೆ ಹೊಸದಲ್ಲ. ಅವನಿಗೂ ತೋರಿಸಿದ್ದರು, ಅವನ ಅಪ್ಪನಿಗೂ. ಆದರೆ ಈ ಕಲ್ಲಿನ ಮುಂದೆ ಪಾಲು ಇಲ್ಲ ಎಂಬ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಒಡೇರೆ, ಕಲ್ಲಿನ ಮುಂದೆ ಪಾಲು ಇಲ್ಲ ಅಂದ್ರಲ್ಲ."

"ಅಂದೆ. ಏನೀಗ?"

"ಹಂಗಾದ್ರೆ ನಾನು ಕಾಯಿ ಒಡಿಯಲ್ಲ."

ಆ ಬಾಯಿಂದ ಒಡೆಯರ ಮುಂದೆ 'ಇಲ್ಲ' ಬಂದದ್ದು ಅದೇ ಮೊದಲು. ಜೋರಾಗಿ ಬರಲಿಲ್ಲ. ಕಾಯಿಯನ್ನು ಮೆಲ್ಲಗೆ ಕಲ್ಲಿನ ಪಕ್ಕ ಇಟ್ಟು, ಸೀಳಿದ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತ. ಅವನು ಕೂತದ್ದೇ ತಡ, ಕೇರಿಯ ಗಂಡಸರೆಲ್ಲ ದೊಣ್ಣೆ ಕೆಳಗಿಟ್ಟು ಕೂತರು. ಎಲೆಅಡಿಕೆ ಚೀಲಗಳು ಹೊರಬಂದವು. ಬೆಳ್ಳಪ್ಪ ಅಪ್ಪನ ಪಕ್ಕ ಕೂತ. ಅವನಿಗೆ ಅಳು ಬಂದ ಹಾಗಾಯಿತು, ನಗುವೂ ಬಂತು.

"ಏನು ತಡ?" ಎಂದರು ಅಧಿಕಾರಿ. ಅವರಿಗೆ ಹಸಿವಾಗಿತ್ತು.

ಸೀತಾರಾಮಪ್ಪನವರು ಸುತ್ತ ನೋಡಿದರು. ಕೂಗಿ ಕರೆಯಲು ಉಳಿದವರು ವಿದ್ಯಾವಂತರು ಮಾತ್ರ. "ನೀವೇ ನುಗ್ಗಿ" ಎಂದರು. ನಾಗಭೂಷಣ ಹೊಸ ಬೂಟಿನಲ್ಲಿ ಹಳು ಹೊಕ್ಕ. ಪ್ರಿನ್ಸಿಪಾಲರು ಪಂಚೆ ಎತ್ತಿ ಕಟ್ಟಿ ಹೊಕ್ಕರು. ವೆಂಕಟ್ರಮಣ ಮಾಸ್ತರು ಸೀಟಿ ಊದುತ್ತ, ಲೆಫ್ಟ್ ರೈಟ್ ಎನ್ನುತ್ತ ಹೊಕ್ಕರು. ಸ್ವಲ್ಪ ಹೊತ್ತಿಗೆ ಸೀಟಿ ನಿಂತಿತು. ಆಮೇಲೆ ಒಳಗಿಂದ ಅಮ್ಮಾ ಅಪ್ಪಾ ಕೇಳಿಸಿತು. ಪ್ರಿನ್ಸಿಪಾಲರು ಹೊಕ್ಕ ಕಡೆಯಿಂದಲೇ ಹೊರಬಂದರು, ಮೈತುಂಬ ಚಗಳಿ ಇರುವೆ. ಪಂಚೆ ಒಳಗೇ ಉಳಿದಿತ್ತು.

"ವ್ಯಾಯಾಮ ಆಯ್ತಾ ಸಾರ್?" ಎಂದು ಬೆಳ್ಳಪ್ಪ ವಿಚಾರಿಸಿದ.

ಕೂತವರಲ್ಲಿ ಒಗ್ಗಟ್ಟು ಮುರಿದವನು ಜೊತೆಗೆ ಬಂದಿದ್ದ ಕರಿಯ ಒಬ್ಬ. ಮುಷ್ಕರ ಅದಕ್ಕೆ ಅರ್ಥವಾಗಲಿಲ್ಲ. ಹಂದಿಯ ವಾಸನೆ ಮೂಗಿಗೆ ಬಡಿದದ್ದೇ ಒಂದೇ ಉಸಿರಿಗೆ ಹಳುವಿನೊಳಗೆ ನುಗ್ಗಿತು. ಬೊಗಳಿತು. ಲಂಟಾನ ಅಲುಗಿತು. ಒಂಟಿಹಂದಿಯೊಂದು ಹೊರಬಿದ್ದು, ನೆಟ್ಟಗೆ ಮಡಿಸುವ ಕುರ್ಚಿಯ ಕಡೆ ಬಂತು.

ಸೀತಾರಾಮಪ್ಪನವರು ಕೋವಿ ಎತ್ತಿ ಎಳೆದರು. ಟಿಕ್ ಎಂದಿತು. ಇನ್ನೊಮ್ಮೆ ಎಳೆದರು. ಟಿಕ್. ಹಂದಿ ಕುರ್ಚಿಯನ್ನು ಹಾಯ್ದುಕೊಂಡು ಕಾಡಿಗೆ ಹೋಯಿತು. ಕುರ್ಚಿಯಲ್ಲಿ ಅಧಿಕಾರಿ ಇರಲಿಲ್ಲ, ನೇರಳೆ ಮರದ ಮೇಲಿದ್ದರು. ಆ ಮೈ ಆ ಮರವನ್ನು ಹೇಗೆ ಹತ್ತಿತು ಎಂಬುದನ್ನು ಊರು ಇವತ್ತಿಗೂ ಯೋಚಿಸುತ್ತಿದೆ.

ಸೀತಾರಾಮಪ್ಪನವರು ಕೋವಿಯ ನಡು ಮಡಿಸಿ ಒಳಗೆ ನೋಡಿದರು. ನಳಿಗೆಯಲ್ಲಿ ತೋಟಾ ಇರಲಿಲ್ಲ. ಮಾಯವಾಗಿತ್ತು. ಅವರ ಮುಖ ಬಿಳಿಚಿಕೊಂಡಿತು.

ಮಾಯ ಏನೂ ಅಲ್ಲ. ಆ ಮನೆಯಲ್ಲಿ ತೋಟಾ ತುಂಬಿ ಕೋವಿಯನ್ನು ಒಡೆಯರ ಕೈಗೆ ಕೊಡುವುದು ಜಟ್ಟಿಂಗಪ್ಪನ ಕೆಲಸ. ಅದೂ ಕಾಯಿ ಒಡೆದ ಮೇಲೆ. ಅಪ್ಪನ ಕಾಲದಿಂದ ಹಾಗೇ ನಡೆದು ನಡೆದು, ಕೋವಿಗೆ ತೋಟಾ ತಾನಾಗಿ ಬರುವುದಿಲ್ಲ ಎಂಬುದೇ ಸೀತಾರಾಮಪ್ಪನವರಿಗೆ ಮರೆತುಹೋಗಿತ್ತು. ಮನೆಗೆ ಬಂದು ಸೊಂಟದ ಚೀಲ ಬಿಚ್ಚಿದಾಗ ಜಟ್ಟಿಂಗಪ್ಪನಿಗೆ ತೋಟಾಗಳು ಸಿಕ್ಕವು. ಬೆಳ್ಳಪ್ಪ ಹೊಟ್ಟೆ ಹಿಡಿದು ನಕ್ಕ. ಅಪ್ಪ ನಗಲಿಲ್ಲ.

"ಕೋವಿ ಕಟ್ಟೋದು ಅಂದ್ರೆ ಹಿಂಗೇ ಮತ್ತೆ" ಎಂದು ಅವನ್ನು ಜಂತಿಯ ಸಂದಿಗೆ ಸಿಕ್ಕಿಸಿದ.

ಅದಕ್ಕೂ ಮೊದಲು ಅಧಿಕಾರಿಯನ್ನು ಮರದಿಂದ ಇಳಿಸಿ, ಬೆನ್ನ ಮೇಲೆ ಹೊತ್ತು ರಸ್ತೆಗೆ ಮುಟ್ಟಿಸಿದವನು ಬೆಳ್ಳಪ್ಪ. ಅಷ್ಟು ಬೆವರು ಅವನಿಗೆ ಯಾವ ಹಳುವಿನಲ್ಲೂ ಬಂದಿರಲಿಲ್ಲ. "ವನಸಂಚಾರ ಬಹಳ ಪರಿಣಾಮಕಾರಿ. ಒಪ್ಪಿಗೆ. ಪಾಸಾದವರ ಪಟ್ಟಿ ಕಳಿಸಿ" ಎಂದಷ್ಟೇ ಹೇಳಿ ಅವರು ಶಿವಮೊಗ್ಗದ ಬಸ್ಸು ಹತ್ತಿದರು.

ಗದ್ದೆ ಹಣ್ಣಾಗುತ್ತಿತ್ತು. ಸೀತಾರಾಮಪ್ಪನವರ ಕೋವಿ ಕಟ್ಟಿದೆ ಎಂಬ ಸುದ್ದಿ ಮನುಷ್ಯರಿಗಿಂತ ಮೊದಲು ಹಂದಿಗಳಿಗೆ ಮುಟ್ಟಿದ ಹಾಗಿತ್ತು. ಮೇಲಿನ ಗದ್ದೆ ಉತ್ತುಹಾಕಿದವು. ನಡುವಿನ ಗದ್ದೆಗೆ ಇಳಿದವು. ಕಾಯಲು ಕೇರಿಯಿಂದ ಯಾರೂ ಹೋಗಲಿಲ್ಲ. ಕಟ್ಟಿದ ಕೋವಿಯ ಮುಂದೆ ನಿಂತವರಿಗೆ ಮೈಲಿಗೆ ಎಂದು ಮಾಸ್ತಮ್ಮ ಹೊಸದೊಂದು ಕಟ್ಟಳೆ ಹೇಳಿ ಕಳಿಸಿದ್ದಳು. ಸೀತಾರಾಮಪ್ಪನವರು ಪೇಟೆಯಿಂದ ಹೊಸ ತೋಟಾ ತರಿಸಿಕೊಂಡರು. ಎಳೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಸಂಜೆ ಅವರು ಕೇರಿಗೆ ಬಂದರು. ಆ ಮನೆತನದವರ ಕಾಲು ಅಲ್ಲಿಗೆ ಬಿದ್ದದ್ದು ಅದೇ ಮೊದಲು. ಹಿಂದೆ ಪ್ರಿನ್ಸಿಪಾಲರು, ಕೈಯಲ್ಲಿ ಪಾಸಿನ ಹಾಳೆ. ಕರಿಯ ಜಗಲಿಯ ಮೇಲೆ ಮಲಗಿತ್ತು. ಬೆಳ್ಳಪ್ಪ ಅಂಗಳದಲ್ಲಿ ಚಾಪೆ ಹಾಸಿದ.

"ಇಲ್ಲೇ ಕೂತ್ಕಳಿ ಸಾರ್. ಒಳಗೆ ಹೊರಗೆ ಅಂತ ಇಲ್ಲ."

ಕೂತರು. ಪ್ರಿನ್ಸಿಪಾಲರು ಪೆನ್ನು ತೆಗೆದು ಬೆಳ್ಳಪ್ಪನ ಹೆಸರು ಬರೆಯಲು ಹೋದರು. ಜಟ್ಟಿಂಗಪ್ಪ ಕೆಮ್ಮಿದ.

"ಕ್ರಮ ತಪ್ಪಿದ್ರೆ ಕಟ್ಟು ಬಿಡಲ್ಲ ಸಾರ್. ಮೊದಲ್ನೇ ಪಾಲು ಹಂದಿ ಎಬ್ಬಿಸಿದೋನಿಗೆ."

"ಎಬ್ಬಿಸಿದ್ದು ಯಾರು?"

ಜಟ್ಟಿಂಗಪ್ಪ ಜಗಲಿ ತೋರಿಸಿದ. ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಪ್ರಿನ್ಸಿಪಾಲರು ಬೆಳ್ಳಪ್ಪನನ್ನು ನೋಡಿದರು. ಬೆಳ್ಳಪ್ಪ ಅವರನ್ನೇ ನೋಡುತ್ತಿದ್ದ. ರೂಮಿನಲ್ಲಿ ಆಡಿದ ಮಾತು ಇಬ್ಬರಿಗೂ ನೆನಪಿತ್ತು.

"ನಾಯಿನ ಹೇಗೆ ಬರೆಯೋದು" ಎಂದರು ಪ್ರಿನ್ಸಿಪಾಲರು.

ಗದ್ದೆಯ ಕಡೆಯಿಂದ ಗುಟುರು ಕೇಳಿಸಿತು. "ಬರೀರಿ ಅತ್ಲಾಗೆ" ಎಂದರು ಸೀತಾರಾಮಪ್ಪನವರು. "ನಿಮ್ಮ ಕಾಲೇಜಲ್ಲಿ ನಾಯಿಗಿಂತ ಕಡೆ ಆದೋರು ಎಷ್ಟು ಜನ ಪಾಸಾಗಿಲ್ಲ."

ಪ್ರಿನ್ಸಿಪಾಲರು ಬರೆದರು. ಕರಿಯ. ತಂದೆಯ ಹೆಸರು ಕೇಳಿದಾಗ ಜಟ್ಟಿಂಗಪ್ಪ, ಸಾಕಿದೋನು ನಾನೇ ಎಂದ. ಅದನ್ನೂ ಬರೆದರು. ಮುಂದಿನದು ಜಾತಿಯ ಕಾಲಂ. ಆ ಕಾಲಂ ಇಲ್ಲದ ಹಾಳೆಯನ್ನು ಆ ಕಾಲೇಜು ಅಚ್ಚು ಹಾಕಿಸಿಯೇ ಇರಲಿಲ್ಲ. ಪೆನ್ನು ಅಲ್ಲಿ ನಿಂತಿತು.

"ನಾಯಿಗೆ ಎಂತ ಜಾತಿ ಸಾರ್" ಎಂದ ಜಟ್ಟಿಂಗಪ್ಪ. "ಮಠದ ಚಾವಡಿಗೂ ಹೋಗ್ತದೆ, ನಮ್ಮ ಜಗಲಿಗೂ ಬರ್ತದೆ. ಖಾಲಿ ಬಿಡಿ."

ಬಿಟ್ಟರು. ಎರಡನೇ ಸಾಲಿನಲ್ಲಿ ಬೆಳ್ಳಪ್ಪ ಎಂದು ಬರೆದರು. ತಂದೆ ಜಟ್ಟಿಂಗಪ್ಪ ಎಂದು ಬರೆದರು. ಮೂರನೇ ಕಾಲಮ್ಮಿಗೆ ಯಾರನ್ನೂ ಕೇಳುವ ಅಗತ್ಯ ಅವರಿಗಿರಲಿಲ್ಲ. ಪೆನ್ನು ತಾನಾಗಿಯೇ ಅಲ್ಲಿಗೆ ಹೋಯಿತು. ಬೆಳ್ಳಪ್ಪ ಹಾಳೆಯ ಮೇಲೆ ಕೈ ಇಟ್ಟ.

"ಇದನ್ನೂ ಖಾಲಿ ಬಿಡಿ ಸಾರ್."

"ಹಾಗೆಲ್ಲ ಬಿಡಕ್ಕೆ ಬರಲ್ಲ ಕಣೋ. ರೂಲ್ಸ್ ಇದೆ."

"ನಾಯಿಗೆ ಬಿಟ್ರಲ್ಲ."

ಪ್ರಿನ್ಸಿಪಾಲರು ಸೀತಾರಾಮಪ್ಪನವರನ್ನು ನೋಡಿದರು. ಅವರು ಗದ್ದೆಯ ಕಡೆ ಕಿವಿ ಕೊಟ್ಟು ಕೂತಿದ್ದರು. ಪೆನ್ನು ಮೂರನೇ ಸಾಲಿಗೆ ಇಳಿದು ನಾಗಭೂಷಣನ ಹೆಸರನ್ನು, ಅಪ್ಪನ ಹೆಸರನ್ನು, ಜಾತಿಯನ್ನು, ಒಳಜಾತಿಯನ್ನು ಕಾಲಮ್ಮು ತುಂಬ ಬರೆಯಿತು. ಬರೆದು ಮುಗಿಸಿ, ಸಹಿ ಹಾಕಿ, ಪೆನ್ನಿನ ಮುಚ್ಚಳ ತಿರುಗಿಸುವವರೆಗೂ ಬೆಳ್ಳಪ್ಪ ತನ್ನ ಸಾಲಿನ ಮೇಲಿನ ಕೈ ತೆಗೆಯಲಿಲ್ಲ.